ಗೋಡೆಯ ಮೇಲಿನ ಬಾಚಣಿಗೆ

ಆ ಮುಷ್ಕರದಲ್ಲಿ ನನ್ನ ಸೊಸೆ ಒಂದು ದಿನವೂ ಕುಳಿತಿಲ್ಲ. ಕುಳಿತುಕೊಳ್ಳಬೇಡ ಎಂದು ಹೇಳಿದವಳು ನಾನೇ.

ದಾಂಡೇಲಿಯಿಂದ ಹಳಿಯಾಳಕ್ಕೆ ಹೋಗುವ ರಸ್ತೆಯ ಮೇಲೆ ಒಂದು ವಿಶ್ವವಿದ್ಯಾಲಯದ ಕೇಂದ್ರ ಇತ್ತು, ಈಗಲೂ ಇದೆ. ಅಲ್ಲಿಯ ಹಾಸ್ಟೆಲ್ಲಿನಲ್ಲಿ ನಾನು ಇಪ್ಪತ್ತೆಂಟು ವರ್ಷ ಅಡುಗೆ ಮಾಡಿದೆ. ದಿನಗೂಲಿಯ ಮೇಲೆ ಸೇರಿದೆ, ದಿನಗೂಲಿಯ ಮೇಲೇ ಬಿಟ್ಟೆ. ಬಿಡುವ ದಿನ ಒಂದು ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟರು. ಕಾಯಿ ಚಟ್ನಿಗೆ ಆಯಿತು, ಶಾಲಿನ ಮೇಲೆ ಬೆಕ್ಕು ಮರಿ ಹಾಕಿತು.

ಸೊಸೆ ಅದೇ ಕೇಂದ್ರದ ಆಫೀಸಿನಲ್ಲಿದ್ದಳು. ಚಹಾ ಮಾಡುವುದು, ಫೈಲು ಒಯ್ಯುವುದು, ಮೇಜು ಒರೆಸುವುದು. ಅವಳದೂ ತಾತ್ಕಾಲಿಕ ಕೆಲಸ. ಪ್ರತಿ ವರ್ಷ ಹೊಸದಾಗಿ ಆದೇಶ ಬರಬೇಕು, ಬಂದರೆ ಕೆಲಸ ಉಂಟು, ಬರದಿದ್ದರೆ ಇಲ್ಲ. ಹನ್ನೊಂದು ವರ್ಷ ಬಂತು. ಮುಷ್ಕರ ಶುರುವಾಗುವ ಹೊತ್ತಿಗೆ ಅವಳನ್ನು ಖಾಯಂ ಮಾಡುವ ಫೈಲು ಮೇಲಿನ ಆಫೀಸಿಗೆ ಹೋಗಿತ್ತು. ನನ್ನ ಮಗ ಕಟ್ಟಿಗೆ ಡಿಪೋದಲ್ಲಿ ಹಮಾಲಿ. ಬೆನ್ನು ಹಿಡಿದುಕೊಂಡು ವಾರದಲ್ಲಿ ಮೂರು ದಿನ ಮಲಗಿಯೇ ಇರುತ್ತಾನೆ. ನಮ್ಮ ಮನೆಯ ಒಲೆ ಉರಿಯಬೇಕಾದರೆ ಆ ಫೈಲಿಗೆ ಸಹಿ ಬೀಳಬೇಕಿತ್ತು. ಇಷ್ಟನ್ನು ತಿಳಿದುಕೊಂಡು ಮುಂದಿನದನ್ನು ಓದಬೇಕು.

ಮುಷ್ಕರ ಸಂಬಳದ್ದು. ಬೇರೆ ಕಡೆಯವರಿಗೆಲ್ಲ ಹೊಸ ಸಂಬಳ ಸಿಕ್ಕು ಎರಡು ವರ್ಷವಾಗಿತ್ತು, ಇಲ್ಲಿಯವರಿಗೆ ಸಿಕ್ಕಿರಲಿಲ್ಲ. ನೌಕರರ ಸಂಘದವರು ಗೇಟಿನ ಎದುರು ತಾಡಪಾಲು ಕಟ್ಟಿ ಕುಳಿತರು. ಕುಳಿತವರೆಲ್ಲ ಖಾಯಂ ನೌಕರರು. ಕೆಲಸ ಮಾಡದ ದಿನಕ್ಕೆ ಸಂಬಳ ಇಲ್ಲ ಎಂದು ಆಫೀಸಿನವರು ಕಾಗದ ಅಂಟಿಸಿದರು. ಸಂಘದ ಹತ್ತಿರ ಇದ್ದ ದುಡ್ಡು ಎರಡು ವಾರಕ್ಕೆ ಕರಗಿತು. ಮುಂಡಗೋಡ ಕಡೆಯ ಹಳ್ಳಿಗಳಿಂದ ಬಂದು ಬಾಡಿಗೆ ಮನೆಯಲ್ಲಿದ್ದವರು ಕೆಲವರಿದ್ದರು. ಕಿರಾಣಿ ಅಂಗಡಿಯವನು ಅವರಿಗೆ ಉದ್ರಿ ಕೊಡುವುದು ನಿಲ್ಲಿಸಿದ.

ಸಂಘದ ಕಾರ್ಯದರ್ಶಿ ಪ್ರಯೋಗಶಾಲೆಯಲ್ಲಿ ಸಾಮಾನು ತೊಳೆದಿಡುವವನು. ಒಣಕಲು ಮೈ, ಕೂಗಿ ಕೂಗಿ ಗಂಟಲು ಹರಿದಿತ್ತು. ಅಂಬೇವಾಡಿಯ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ.

"ಆಯಿ, ಕುಂತ ಮಂದಿಗೆ ಅಕ್ಕಿ ಕೊಡಬೇಕಾಗೇತಿ. ಟೆಂಟಿನಾಗ ಹಂಚಿದ್ರ ಒಳಗಿನವ್ರು ನೋಡ್ತಾರ. ನಿಮ್ಮ ಮನ್ಯಾಗ ಇಡೂಣು?"

"ಅಕ್ಕಿ ಎಲ್ಲೈತಿ?"

"ಬರತೈತಿ. ಒಳಗ ಕೆಲಸಕ್ಕ ಹೋಗೂ ತಾತ್ಕಾಲಿಕ ಮಂದಿ ಕೊಡ್ತೇವಿ ಅಂದಾರ. ಅವ್ರಿಗೆ ಕುಂದ್ರಾಕ ಆಗೂದಿಲ್ಲ, ಕುಂತ್ರ ಕೆಲಸ ಹೋಗತೈತಿ. ಅದಕ್ಕ ಮುಚ್ಚಿ ಕೊಡ್ತಾರ."

ನನ್ನ ಕೈಯಿಂದ ಕಸಿದುಕೊಳ್ಳಲು ಏನೂ ಉಳಿದಿರಲಿಲ್ಲ. ಹೂಂ ಅಂದೆ. ಎದ್ದು ಹೋಗುವಾಗ ಅವನು ಒಂದು ಮಾತು ಹೇಳಿದ. "ಯಾರು ಕೊಟ್ರಂತ ಎಲ್ಲೂ ಬರೀಬ್ಯಾಡ್ರಿ ಆಯಿ. ಕಾಗದಕ್ಕ ಕಾಲ ಇರ್ತಾವ. ನಡಕೋತ ಆಫೀಸಿಗೆ ಹೋಗತೈತಿ."

ಒಳಗಿನ ಹನ್ನೊಂದು ಜನ ಕೊಟ್ಟರು. ಕಸ ಗುಡಿಸುವವರು, ತೋಟದವನು, ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವವಳು, ವಾಚಮನ್, ನನ್ನ ಸೊಸೆ. ಹಳಿಯಾಳದ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರು ಬುತ್ತಿಯ ಮೇಲಿನ ಡಬ್ಬಿಯಲ್ಲಿ ರೊಟ್ಟಿ, ಕೆಳಗಿನ ಡಬ್ಬಿಯಲ್ಲಿ ಅಕ್ಕಿ ತರುತ್ತಿದ್ದರು. ದಿನವಿಡೀ ಅದು ಆಫೀಸಿನಲ್ಲೇ ಇರುತ್ತಿತ್ತು. ಸಂಜೆ ಬಸ್ಸಿಗೆ ಹೋಗುವ ದಾರಿಯಲ್ಲಿ ನಮ್ಮ ಅಡುಗೆಮನೆಯಲ್ಲಿ ಸುರಿದು ಹೋಗುತ್ತಿದ್ದರು. ಮಾತಿಲ್ಲ ಕತೆಯಿಲ್ಲ. ಡಬ್ಬಿಯ ಮುಚ್ಚಳ ಹಾಕಿದ ಸದ್ದು ಅಷ್ಟೇ.

ಕಾರ್ಯದರ್ಶಿಯ ಮಾತು ನಾನು ಮೀರಲಿಲ್ಲ. ಕಾಗದದ ಮೇಲೆ ಒಂದಕ್ಷರ ಬರೆಯಲಿಲ್ಲ. ಆದರೆ ಗುರುತು ಹಾಕದೆ ಇರಲು ನನ್ನಿಂದ ಆಗಲಿಲ್ಲ. ನಮ್ಮಲ್ಲಿ ಮದುವೆಗೆ, ಬಾಣಂತನಕ್ಕೆ, ಹೆಣದ ಮನೆಗೆ ಯಾರಾದರೂ ಅಕ್ಕಿ ತಂದರೆ ತಕ್ಷಣ ಗುರುತು ಹಾಕುತ್ತಾರೆ. ಅವರ ಮನೆಯ ಕಾರ್ಯಕ್ಕೆ ಅಷ್ಟನ್ನು ತಿರುಗಿ ಒಯ್ಯಬೇಕು. ಅದು ಮುಯ್ಯಿ. ಗುರುತು ಹಾಕದೆ ತೆಗೆದುಕೊಂಡರೆ ಅದು ಭಿಕ್ಷೆ. ಕುಳಿತವರು ಭಿಕ್ಷೆ ತಿನ್ನುವವರಲ್ಲ, ಕೊಟ್ಟವರು ಭಿಕ್ಷೆ ಹಾಕುವವರಲ್ಲ. ಸಂಬಳ ಬಂದ ಮೇಲೆ ಇವರ ಅಕ್ಕಿ ಅವರು ತೀರಿಸಬೇಕು. ಯಾರದು ಎಷ್ಟು ಎಂದು ಗೊತ್ತಿಲ್ಲದಿದ್ದರೆ ಹೇಗೆ ತೀರಿಸುತ್ತಾರೆ?

ಒಲೆಯ ಎದುರಿನ ಗೋಡೆಯ ಮೇಲೆ ಹಾಕಿದೆ. ನಮ್ಮ ತವರಿನಲ್ಲಿ ಹಾಲಿನ ಲೆಕ್ಕ ಹಾಗೇ ಇಡುತ್ತಿದ್ದರು, ಬೆರಳನ್ನು ಸುಣ್ಣದಲ್ಲಿ ಅದ್ದಿ ಚುಕ್ಕೆ. ಒಬ್ಬೊಬ್ಬರಿಗೆ ಒಂದು ಚಿತ್ರ, ಅದರ ಮುಂದೆ ಲೋಟಕ್ಕೊಂದು ಚುಕ್ಕೆ. ಚಿತ್ರಗಳನ್ನು ಹೊಸದಾಗಿ ಹುಡುಕುವ ಕಷ್ಟ ನಾನು ತೆಗೆದುಕೊಳ್ಳಲಿಲ್ಲ. ಮೊದಲೇ ಇದ್ದವು. ನಾನು ಅಡುಗೆಯವಳಾಗಿದ್ದಾಗ ಆಫೀಸಿನವರ ಸ್ಟೀಲ್ ಲೋಟಗಳು ಅದಲುಬದಲಾಗಿ ದಿನಾ ಜಗಳ. ಒಬ್ಬರ ಎಂಜಲು ಒಬ್ಬರಿಗೆ ಆಗದು. ಆಗ ಮೊಳೆಯಿಂದ ಲೋಟದ ತಳದಲ್ಲಿ ಗೀರಿ ಒಬ್ಬೊಬ್ಬರಿಗೆ ಒಂದು ಗುರುತು ಮಾಡಿಕೊಟ್ಟಿದ್ದೆ. ವಾಚಮನ್ನನಿಗೆ ಕೀಲಿಕೈ. ಗ್ರಂಥಾಲಯದವಳಿಗೆ ಏಣಿ. ತೋಟದವನಿಗೆ ಎಲೆ. ನಾನು ಬಿಟ್ಟ ಮೇಲೂ ಹೊಸಬರು ಬಂದಾಗ ಲೋಟ ನನ್ನ ಹತ್ತಿರವೇ ಬರುತ್ತಿತ್ತು. ಸೊಸೆಗೆ ಬಾಚಣಿಗೆ, ಒಂದು ಗೀಟು ಅದಕ್ಕೆ ನಾಲ್ಕು ಹಲ್ಲು. ಕೆಲಸಕ್ಕೆ ಹೋದ ಮೊದಲ ದಿನವೇ ತಲೆ ಬಾಚುತ್ತ ನಿಂತು ಹೊತ್ತು ಮೀರಿಸಿದವಳು ಅವಳು.

ಗೋಡೆಗೆ ಕಾಲಿಲ್ಲ ಎಂದುಕೊಂಡಿದ್ದೆ.

ಮೂರನೇ ವಾರ ಸೊಸೆ ಬಂದು ಹೇಳಿದಳು. "ಅತ್ತಿ, ಸಾಹೇಬ್ರು ಇವತ್ತ ನಾವು ಊಟಕ್ಕ ಕುಂತಲ್ಲೇ ಬಂದಿದ್ರು. ಡಬ್ಬಿ ಎರಡ ಅದಾವ, ಒಂದ ಅಷ್ಟ ಯಾಕ ಬಿಚ್ಚೀರಿ ಅಂದ್ರು."

"ನೀ ಏನಂದಿ?"

"ಮನಿಗೆ ಹಿಟ್ಟ ಒಯ್ಯಾಕತ್ತೇವ್ರಿ ಅಂದೆ. ನಕ್ರು."

"ನಕ್ರ ನಗಲಿ."

"ಹಲ್ಲ ಕಾಣಲಿಲ್ಲರೀ ಅತ್ತಿ."

ಈ ಸಾಹೇಬ ಕೇಂದ್ರದ ಆಡಳಿತ ನೋಡುವವನು. ಅದಕ್ಕೂ ಮೊದಲು ಅಲ್ಲಿಯೇ ಓದಿದವನು, ಐದು ವರ್ಷ ನನ್ನ ಕೈಯ ಅನ್ನ ಉಂಡವನು. ಕಡ್ಡಿಯಂತಿದ್ದ. ಅಡುಗೆಮನೆಗೆ ನುಗ್ಗಿ ಹೆಚ್ಚಿಟ್ಟ ಸೌತೆಕಾಯಿ ಕದಿಯುತ್ತಿದ್ದ. ಅವನ ತಾಟಿಗೆ ನಾನು ಸೌತೆಕಾಯಿಯದೇ ಗುರುತು ಹಾಕಿದ್ದೆ. ಜ್ವರ ಬಂದಾಗ ಗಂಜಿ ಕಾಸಿ ಕೊಟ್ಟಿದ್ದೇನೆ. ಅದನ್ನು ಪುಣ್ಯವೆಂದು ಹೇಳುತ್ತಿಲ್ಲ, ಅದಕ್ಕೆ ನನಗೆ ಕೂಲಿ ಇತ್ತು.

ಒಂದು ರವಿವಾರ ಮಧ್ಯಾಹ್ನ ಅವನು ಒಬ್ಬನೇ ಬಂದ. ಸೊಸೆ ಹೊಳೆಗೆ ಬಟ್ಟೆ ತೊಳೆಯಲು ಹೋಗಿದ್ದಳು. ಮಗ ಒಳಕೋಣೆಯಲ್ಲಿ ಬೆನ್ನಿಗೆ ಎಣ್ಣೆ ಹಚ್ಚಿಕೊಂಡು ಮಲಗಿದ್ದ.

"ಆಯಿ, ಚಾ ಕುಡ್ಯಾಕ ಬಂದೇನಿ. ಹೊರಗ ಬ್ಯಾಡ, ಒಲಿ ಮುಂದ ಕುಂದ್ರತೇನಿ, ಮೊದಲಿನಂಗ."

ಬೇಡವೆನ್ನಲು ಬಾಯಿ ಬರಲಿಲ್ಲ. ಅಕ್ಕಿಯ ಚೀಲದ ಮೇಲೆ ಗೋಣಿ ಮುಚ್ಚಿತ್ತು. ಅದನ್ನೇ ನೋಡಿಕೊಂಡೆ, ಗೋಡೆಯ ನೆನಪು ಆಗಲಿಲ್ಲ. ಅವನು ಚಹಾ ಆರಿಸುತ್ತ ಗೋಡೆ ನೋಡಿದ. ಬಹಳ ಹೊತ್ತು ನೋಡಿದ.

"ಇದೇನ ಆಯಿ, ರಂಗೋಲಿ?"

"ಹೂಂ. ಮುದುಕಿಗೆ ಹೊತ್ತ ಹೋಗಬೇಕಲ್ಲ."

"ಕೀಲಿಕೈ, ಏಣಿ, ಎಲಿ..." ಬೆರಳಿನಿಂದ ಗಾಳಿಯಲ್ಲಿ ಒಂದೊಂದನ್ನೇ ತೋರಿಸಿದ. ಆಮೇಲೆ ಚೇಷ್ಟೆ ಮಾಡುವವನಂತೆ ನನ್ನ ಮುಖ ನೋಡಿದ. "ಎಲ್ಲಾರದೂ ಐತಿ, ನನ್ನ ಸೌತಿಕಾಯಿ ಇಲ್ಲಲ್ಲ?"

ನನ್ನ ಬಾಯಿ ಯಾವಾಗಲೂ ನನಗಿಂತ ಮುಂದೆ ಹೋಗುತ್ತದೆ. "ನೀ ಏನ ಕೊಟ್ಟೀ ಅಂತ ನಿನ್ನ ಗುರುತ ಹಾಕ್ಲಿ?" ಅಂದುಬಿಟ್ಟೆ.

ಅವನು ಗಟ್ಟಿಯಾಗಿ ನಕ್ಕ. ನಾನೂ ನಕ್ಕೆ. ಅವನು ಎದ್ದು ಫೋನು ತೆಗೆದ. "ಒಂದ ಫೋಟೋ ಆಯಿ. ಹಾಸ್ಟೆಲಿನ ಹಳೇ ಗೆಳ್ಯಾರಿಗೆ ಕಳಸ್ತೇನಿ. ನಿಮ್ಮನ್ನ ಭಾಳ ನೆನಸ್ತಾರ." ಸೆರಗು ಸರಿಮಾಡಿಕೊಂಡು ನಿಂತೆ. ಬೆಳಕು ಬೀಳುವುದಿಲ್ಲ, ಒಂಚೂರು ಈ ಕಡೆ ಬರ್ರಿ ಅಂದ. ಸರಿದು ನಿಂತೆ. ಗೋಡೆಗೆ ಅಡ್ಡ ಇದ್ದದ್ದು ನಾನೊಬ್ಬಳು. ನಾನೇ ಸರಿದೆ.

ಅವನು ಹೋದ ಮೇಲೆ ಸೊಸೆ ಒದ್ದೆ ಬಟ್ಟೆಯ ಬುಟ್ಟಿ ಹೊತ್ತು ಬಂದಳು. ಅವಳಿಗೆ ಹೇಳಲಿಲ್ಲ. ಅದು ಎರಡನೆಯ ತಪ್ಪು.

ಮರುದಿನ ಸಂಜೆ ಅವಳು ಚಪ್ಪಲಿ ಬಿಡದೆ ನೇರ ಅಡುಗೆಮನೆಗೆ ಬಂದು ಗೋಡೆಯ ಮುಂದೆ ನಿಂತಳು.

"ಅತ್ತಿ, ಸಾಹೇಬ್ರು ಮನಿಗೆ ಬಂದಿದ್ರೇನ್ರಿ?"

"ಬಂದಿದ್ದ."

"ಇವತ್ತ ಎಲ್ಲಾರ ಲೋಟ ತಮ್ಮ ಕೋಣಿಗೆ ತರಸಿದ್ರು. ತಳ ಚಂದಂಗ ತಿಕ್ಕಿ ತಾ ಅಂದ್ರು. ತಿಕ್ಕಿ ಒಯ್ದೆ. ಮೇಜಿನ ಮ್ಯಾಲ ಒಂದೊಂದ ಬ್ವಾರಲ ಹಾಕಿ ಸಾಲಾಗಿ ಇಟ್ರು. ಫೋನ್ ನೋಡೂದು, ಲೋಟ ನೋಡೂದು. ಇದ ಯಾರದು, ಇದ ಯಾರದು ಅಂತ ನನ್ನ ಕೇಳಿದ್ರು."

"ಹೇಳಿದಿ?"

"ಯಾರ ಲೋಟ ಅಂತ ಹೇಳೂದಕ್ಕ ಏನ ಅಂಜಿಕಿ? ಹೇಳಿದೆ." ಅವಳ ಕೈ ಸೆರಗಿನ ತುದಿಯನ್ನು ತಿರುವುತ್ತಿತ್ತು. "ಒಂದೊಂದ ಲೋಟದ ಮುಂದ ಒಂದೊಂದ ಚೀಟಿ ಇಟ್ರು. ಹನ್ನೊಂದ ಆದೂವು. ಬಾಕಿದ್ದೆಲ್ಲಾ ಒಯ್ಯಿ ಅಂದ್ರು. ನಂದು ಕಡೀಕಿತ್ತು. ಇದ ಯಾರದು ಅಂದ್ರು. ನಂದ್ರೀ ಅಂದೆ. ಇದರಾಗ ಚಾ ಹಾಕ್ಕೊಂಡ ಬಾ ಅಂದ್ರು."

"ನಿನ್ನ ಲೋಟದಾಗ?"

"ಹೂಂ. ನನ್ನ ಮುಂದ ಕುಂತು ಸಾವಕಾಶ ಕುಡದ್ರು. ಸಕ್ರಿ ಕಡಿಮಿ ಆಗೇತಿ ಅಂದ್ರು."

ಆಗ ನಿನ್ನೆಯದೆಲ್ಲ ಹೇಳಿದೆ, ನಾನಾಡಿದ ಮಾತನ್ನೂ ಹೇಳಿದೆ. ಅವಳು ಒರೆಸುವ ಅರಿವೆ ಒದ್ದೆ ಮಾಡಿಕೊಂಡು ಗೋಡೆಯ ಕಡೆ ಹೋದಳು. ನಾನು ಕೈ ಹಿಡಿದೆ.

"ಬಿಡ್ರಿ, ಅಳಸ್ತೇನಿ."

"ಫೋಟೋ ಹೋಗೇತಿ. ಈಗ ಅಳಿಸಿದ್ರ ಅವನ ಲೆಕ್ಕ ಇರತೈತಿ, ನಮ್ಮದಷ್ಟ ಹೋಗತೈತಿ."

"ನಿಮಗ ಅಕ್ಕೀದ ಚಿಂತಿ!"

"ಹತ್ತ ಮಂದಿ ಅಕ್ಕಿ ನನ್ನ ಕೈಯಾಗ ಐತಿ. ಚಿಂತಿ ಇರಬ್ಯಾಡೇನ?"

ಅವಳು ಅರಿವೆಯನ್ನು ನನ್ನ ಕಾಲ ಹತ್ತಿರ ಒಗೆದು ಹೋದಳು. ಆ ಹೊತ್ತಿಗೆ ನಾನು ಹೇಳಿದ್ದು ಸರಿಯೇ. ಆದರೆ ಸರಿಯಾದ ಮಾತನ್ನು ಆಡುವ ಯೋಗ್ಯತೆ ನನಗೆ ಆಗ ಇರಲಿಲ್ಲ.

ಆಮೇಲೆ ಏನೂ ಆಗಲಿಲ್ಲ. ಅದೇ ಕೆಟ್ಟದ್ದು. ನೋಟಿಸು ಇಲ್ಲ, ವಿಚಾರಣೆ ಇಲ್ಲ, ಬೈಗುಳ ಇಲ್ಲ. ಸಾಹೇಬ ಎಲ್ಲರ ಹತ್ತಿರವೂ ನಗುನಗುತ್ತ ಮಾತಾಡುತ್ತಿದ್ದನಂತೆ. ವಾಚಮನ್ನನಿಗೆ ಮಗಳ ಮದುವೆ ಯಾವಾಗ ಎಂದು ಕೇಳಿದನಂತೆ. ನಮ್ಮ ಹೊಳೆಯೂ ಹೀಗೇ. ಮಳೆ ಇರುವುದಿಲ್ಲ, ಮೋಡ ಇರುವುದಿಲ್ಲ, ಬಿಸಿಲು ಹೊಡೆಯುತ್ತಿರುತ್ತದೆ. ಮೇಲೆ ಸೂಪಾ ಅಣೆಕಟ್ಟಿನಲ್ಲಿ ನೀರು ಬಿಟ್ಟಿರುತ್ತಾರೆ. ಬಟ್ಟೆ ಒಗೆಯುವ ಹೆಂಗಸರು ನಡುಹೊಳೆಯ ಒಂದು ಕಲ್ಲಿನ ಮೇಲೆ ಕಣ್ಣಿಟ್ಟಿರುತ್ತಾರೆ. ಅದರ ನೆತ್ತಿ ಮುಳುಗಿತು ಎಂದರೆ ಬಟ್ಟೆ ಎಳೆದುಕೊಂಡು ದಂಡೆ ಹತ್ತಬೇಕು. ನೀರು ಸದ್ದು ಮಾಡುವುದಿಲ್ಲ.

ಆ ಹನ್ನೊಂದು ಜನರಲ್ಲಿ ಹತ್ತು ಜನ ಅಕ್ಕಿ ತರುವುದನ್ನು ಒಬ್ಬೊಬ್ಬರಾಗಿ ಬಿಟ್ಟರು. ನಮ್ಮ ಮನೆಯ ಮುಂದೆ ಹಾದುಹೋಗುವಾಗ ಕಣ್ಣು ಆ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರು. ಬಿಡದವಳು ಸೊಸೆ ಒಬ್ಬಳೇ. ನಮ್ಮ ಡಬ್ಬದಿಂದಲೇ ದಿನಾ ಒಂದು ಲೋಟ ತೆಗೆದು ಚೀಲಕ್ಕೆ ಹಾಕುತ್ತಿದ್ದಳು. ಸಾಕು ಮಾಡು ಅಂದರೆ, "ನಂದಂತೂ ಗೊತ್ತಾಗೇತಿ. ಇನ್ನ ಕೈ ಹಿಡದ ಉಳಿಯೂದೇನೈತಿ? ಹಾಕ್ರಿ ಚುಕ್ಕಿ," ಅನ್ನುತ್ತಿದ್ದಳು. ನಾನು ಹಾಕುತ್ತಿದ್ದೆ.

ಕಾರ್ಯದರ್ಶಿಗೆ ಎಲ್ಲ ತಿಳಿಸಿದೆ. ಅವನು ಮುಖ ಉಜ್ಜಿಕೊಂಡ. "ಅಕ್ಕಿ ಕೊಡೂದು ಗುನ್ನೆ ಅಲ್ಲ ಆಯಿ. ಏನ ಮಾಡ್ತಾರ?" ಅಂದ. ಕೇಳಿದ್ದು ನನ್ನನ್ನೋ ತನ್ನನ್ನೋ ತಿಳಿಯಲಿಲ್ಲ.

ಒಂದೂವರೆ ತಿಂಗಳಿಗೆ ಮುಷ್ಕರ ಮುಗಿಯಿತು. ಹೊಸ ಸಂಬಳ ಎರಡು ಕಂತಿನಲ್ಲಿ ಕೊಡುತ್ತೇವೆ ಎಂದು ಒಪ್ಪಿದರು. ಟೆಂಟಿನ ಮುಂದೆ ಗುಲಾಲು ಎರಚಿದರು, ಪೇಡೆ ಹಂಚಿದರು. ಕಾರ್ಯದರ್ಶಿ ಒಪ್ಪಂದದ ಕಾಗದ ಓದಿ ಹೇಳಿದ. ಮುಷ್ಕರಕ್ಕೆ ಕುಳಿತ ಯಾವ ನೌಕರರ ಮೇಲೂ ಕ್ರಮ ಕೈಗೊಳ್ಳುವಂತಿಲ್ಲ ಎಂದು ಅದರಲ್ಲಿ ಬರೆದಿತ್ತು. ಎಲ್ಲರೂ ಚಪ್ಪಾಳೆ ತಟ್ಟಿದರು.

ನಾನು ಹಿಂದಿನಿಂದ ಕೇಳಿದೆ. "ಕುಂದರದವ್ರದು?"

"ಅಂದ್ರ?"

"ಅಕ್ಕಿ ಕೊಟ್ಟವ್ರದು. ಅವ್ರ ಮ್ಯಾಲ ಏನೂ ಮಾಡೂದಿಲ್ಲ ಅಂತ ಬರದೈತೇನು?"

ಅವನ ಹಣೆಯ ಮೇಲೆ ಗುಲಾಲು ಇತ್ತು. ಅದನ್ನು ಒರೆಸಿಕೊಂಡ. "ಅವ್ರು ಮುಷ್ಕರದಾಗ ಇರಲಿಲ್ಲಲ್ಲ ಆಯಿ. ಅವ್ರ ಹೆಸರ ಹೆಂಗ ಹಾಕೂದು? ಹಾಕಿದ್ರ ನಾವ ತೋರಿಸಿ ಕೊಟ್ಟಂಗ ಆಗ್ತಿತ್ತು."

ಅದು ಖರೆ. ನಾನು ಪೇಡೆ ತಿನ್ನದೆ ಮನೆಗೆ ಬಂದೆ.

ಮಾರ್ಚ್ ತಿಂಗಳ ಕೊನೆಗೆ ತಾತ್ಕಾಲಿಕ ನೌಕರರ ಆದೇಶ ಬರುವ ರೂಢಿ. ಬಂತು. ಗೇಟಿನ ಹತ್ತಿರದ ಹಲಗೆಯ ಮೇಲೆ ಎರಡು ಕಾಗದ ಅಂಟಿಸಿದರು. ಒಂದು ಮುಂದುವರಿಸಿದವರದು, ಇನ್ನೊಂದು ಸೇವೆ ಅವಶ್ಯ ಇಲ್ಲದವರದು. ಸೊಸೆ ಎರಡನೆಯದನ್ನು ಮಾತ್ರ ಓದಿದಳಂತೆ. ಮನೆಗೆ ಬಂದು ನೀರು ಕುಡಿದಳು.

"ಹನ್ನೊಂದ ಹೆಸರ ಅದಾವ್ರಿ ಅತ್ತಿ. ಮೇಜಿನ ಮ್ಯಾಲ ಲೋಟ ಹೆಂಗ ಇಟ್ಟಿದ್ರು, ಹಂಗ ಅದಾವ. ಸಾಲ ತಪ್ಪಿಲ್ಲ. ಮೊದ್ಲ ಕೀಲಿಕೈ, ಆಮ್ಯಾಲ ಏಣಿ. ನಂದು ಕಡೀಕ."

"ಫೈಲು?"

"ಫೈಲ ತಿರುಗಿ ಬಂದೈತಂತ. ಖಾಯಂ ಮಾಡಾಕ ಆಸಾಮಿ ಕೆಲಸದಾಗ ಇರಬೇಕಲ್ಲರಿ."

ಕೈಚೀಲದಿಂದ ತನ್ನ ಲೋಟ ತೆಗೆದು ಕಟ್ಟೆಯ ಮೇಲಿಟ್ಟಳು. "ಕದ್ದ ತಂದೀ?" ಅಂದೆ. "ಹನ್ನೊಂದ ವರ್ಷದ್ದು ಇದೊಂದ ನಂದು," ಅಂದಳು.

ಕುಳಿತಿದ್ದವರಿಗೆ ಮೊದಲ ಕಂತು ಬಂದಾಗ ಮುಯ್ಯಿ ತೀರಿತು. ಅವರಲ್ಲಿ ಯಾರೂ ಮೋಸ ಮಾಡಲಿಲ್ಲ. ಚೀಲ ಚೀಲ ಅಕ್ಕಿ ತಂದು ನನ್ನ ಮುಂದೆ ಇಟ್ಟರು. ನಾನು ಹತ್ತು ಜನರಿಗೆ ಹೇಳಿ ಕಳಿಸಿದೆ. ಒಬ್ಬೊಬ್ಬರದು ಅಳೆದು ಕೊಟ್ಟು ಚುಕ್ಕೆ ಅಳಿಸಿದೆ. ಗ್ರಂಥಾಲಯದವಳು ಅಕ್ಕಿ ತೆಗೆದುಕೊಂಡಳು, ನನ್ನ ಮುಖ ನೋಡಲಿಲ್ಲ. ವಾಚಮನ್ ಚೀಲದ ಬಾಯಿ ಕಟ್ಟುತ್ತ ಅಂದ, "ಅಕ್ಕಿ ಬಂತ ಆಯಿ. ಕೀಲಿಕೈ ಯಾರ ಕೊಡ್ತಾರ?" ಅವನ ಮಗಳ ಮದುವೆ ಮುಂದೆ ಹೋಗಿತ್ತು.

ಸೊಸೆಯ ಪಾಲು ತಂದವನು ಕಾರ್ಯದರ್ಶಿ. ಲೆಕ್ಕಕ್ಕಿಂತ ಬಹಳ ಹೆಚ್ಚು ತಂದಿದ್ದ, ಒಂದು ಪೂರಾ ಮೂಟೆ. ಸೊಸೆ ತನ್ನ ಲೋಟ ತಂದು ಗೋಡೆಯ ಚುಕ್ಕೆ ನೋಡಿ ನೋಡಿ ಅಳೆದುಕೊಂಡಳು. ಮುಗಿದ ಮೇಲೆ ಮೂಟೆಯನ್ನು ಅವನ ಕಡೆ ದೂಡಿದಳು.

"ಇರಲಿ ತಂಗಿ, ಇಟ್ಕೊಳ್ರಿ."

"ಕೊಟ್ಟಷ್ಟ ಬಂತಲ್ಲರೀ ಅಣ್ಣಾರ. ಹೆಚ್ಚಿಂದ ಇಟ್ಕೊಂಡ್ರ ಅದಕ್ಕ ಬ್ಯಾರೆ ಹೆಸರೈತಿ."

ಅವನು ಮೂಟೆ ಹೊತ್ತುಕೊಂಡು ಹೋದ. ನಾನು ಬಾಚಣಿಗೆ ಅಳಿಸಲು ಎದ್ದೆ. ಅವಳು ತಿರುಗದೆಯೇ ಅಂದಳು, "ಅದನ್ನ ಬಿಡ್ರಿ."

"ಮುಯ್ಯಿ ತೀರಿತಲ್ಲ."

"ಅಕ್ಕೀದ ತೀರಿತು."

ಆ ಗುರುತು ಈಗಲೂ ಇದೆ. ದೀಪಾವಳಿಗೆ ಗೋಡೆ ಸಾರಿಸುವಾಗ ಅಷ್ಟು ಜಾಗ ಬಿಟ್ಟು ಸಾರಿಸುತ್ತಾಳೆ. ಒಲೆಯ ಮುಂದೆ ನಾನು ಕುಳಿತರೆ ಸರಿಯಾಗಿ ಕಣ್ಣಿಗೆ ಬರುತ್ತದೆ. ಅದಕ್ಕೇ ಬಿಟ್ಟಿದ್ದಾಳೆಂದು ನನಗೆ ಗೊತ್ತು. ಅವಳು ಈಗ ಬೆಳಗಿನ ಮೊದಲ ಬಸ್ಸಿಗೆ ಜೋಯಿಡಾ ಕಡೆಯ ಒಂದು ರಿಸಾರ್ಟಿಗೆ ಹೋಗಿ ಹಾಸಿಗೆ ಬಟ್ಟೆ ಒಗೆಯುತ್ತಾಳೆ. ನನಗೆ ಊಟ ಬಡಿಸುತ್ತಾಳೆ, ಗುಳಿಗೆ ಕೊಡುತ್ತಾಳೆ. ಬೇಕಾದಷ್ಟೇ ಮಾತಾಡುತ್ತಾಳೆ.

ಕೇಂದ್ರದಲ್ಲಿ ಈಗ ತಾತ್ಕಾಲಿಕದವರೂ ಇಲ್ಲ, ಎಲ್ಲ ಗುತ್ತಿಗೆದಾರನ ಆಳುಗಳು. ಹೋದ ವಾರ ಅವರಲ್ಲೊಬ್ಬಳು ಬಂದಿದ್ದಳು, ಕಸ ಗುಡಿಸುವವಳು, ಚಟುವಟಿಕೆಯ ಹೆಂಗಸು. ಮೂರು ತಿಂಗಳಿಂದ ಕೂಲಿ ಬಂದಿಲ್ಲ, ಕೆಲವರು ಕೆಲಸ ನಿಲ್ಲಿಸಿ ಕೂರುತ್ತಾರೆ, ಅವರಿಗೆ ಅಕ್ಕಿ ಕೂಡಿಸುತ್ತಿದ್ದೇವೆ ಅಂದಳು. ಸೊಸೆ ಡಬ್ಬದ ಕಡೆ ಹೋದಳು.

"ಯಾರು ಕೊಟ್ರಂತ ಎಲ್ಲೂ ಬರದಿಲ್ಲಲ್ಲ?" ಎಂದು ನಾನು ಕೇಳಿದೆ.

"ಇಲ್ಲರೀ ಆಯಿ, ಕಾಗದ ಮುಟ್ಟಿಲ್ಲ." ಫೋನು ಎತ್ತಿ ತೋರಿಸಿದಳು. "ಇದರಾಗ ಅಷ್ಟ ಹಾಕ್ಕೊಂಡೇವಿ. ನಮ್ಮ ಮಂದೀದ ಗ್ರೂಪ್ ಐತ್ರಿ. ತಿರುಗಿ ಕೊಡಬೇಕಲ್ಲ, ಲೆಕ್ಕ ಬೇಕಾಗತೈತಿ."

"ಗ್ರೂಪಿನಾಗ ಯಾರ್ಯಾರ ಅದಾರ?"

"ನಾವ ರೀ. ಮತ್ತ ಸೂಪರ್‌ವೈಸರ್."

"ಅಂವ ಯಾಕ?"

"ಅಂವ ನಮ್ಮಾಂವ ರೀ ಆಯಿ! ದಿನಾ ನಮ್ಮ ಡಬ್ಬ್ಯಾಗಿಂದನ ಊಟಾ ಮಾಡ್ತಾನ."

ಸೊಸೆ ಲೋಟ ತುಂಬಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಗೋಡೆ ನೋಡಿದಳು. ಆಮೇಲೆ ಅಕ್ಕಿಯನ್ನು ಆ ಹೆಂಗಸಿನ ಚೀಲಕ್ಕೆ ಸುರಿದಳು.

"ಎಷ್ಟ ಮಂದಿ ಹೆಸರ ಹಾಕೀ?"

"ಹದಿನಾಲ್ಕ ರೀ ಅಕ್ಕಾ. ನಿಮ್ಮದು ಹದಿನೈದು."

"ನಂದು ಮೊದಲಿಗೆ ಹಾಕು," ಅಂದಳು ಸೊಸೆ. "ಬಾಕಿದ್ದು ಇಲ್ಲೇ ಕುಂತು ತಗದ ಹಾಕು. ಈಗ."

ಆ ಹೆಂಗಸು ನಗುತ್ತ ಕುಳಿತು ಬೆರಳಾಡಿಸಿದಳು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ನಾಲ್ಕು ದಿನದ ಹಿಂದೆ ಹಾಕಿದ್ದನ್ನು ಇನ್ನು ತೆಗೆಯಲು ಬರುವುದಿಲ್ಲ, ಎಲ್ಲರೂ ಓದಿದ್ದಾರೆ ಎಂದು ತೋರಿಸುತ್ತಿದೆ ಅಂದಳು.